ಉಕ್ಕದೆ ಉಳಿದ ಹಾಲು

ಮಾಲೂರಿನ ಪದವಿ ಕಾಲೇಜೊಂದರಲ್ಲಿ ನಾವಿಬ್ಬರೂ ಇಂಗ್ಲಿಷಿನ ಅತಿಥಿ ಉಪನ್ಯಾಸಕಿಯರು. ನನ್ನ ಗೆಳತಿಗೆ ಎ ಸೆಕ್ಷನ್, ನನಗೆ ಬಿ. ಪ್ರತಿ ವರ್ಷದಂತೆ ಈ ವರ್ಷವೂ ಇಬ್ಬರಿಗೂ ಪಾಠಕ್ಕಿದ್ದದ್ದು ಅಮೆರಿಕದ ಒಂದು ಹಳೆಯ ಸಣ್ಣ ಕಾದಂಬರಿ. ಇಬ್ಬರು ಕೂಲಿಯಾಳುಗಳು ತೋಟದಿಂದ ತೋಟಕ್ಕೆ ಕೆಲಸ ಹುಡುಕಿಕೊಂಡು ಅಲೆಯುತ್ತಾರೆ. ಒಬ್ಬ ಸಣ್ಣಾಳು, ಚುರುಕು. ಇನ್ನೊಬ್ಬನದು ಭಾರೀ ದೇಹ, ಮಗುವಿನ ಬುದ್ಧಿ. ಮೆತ್ತಗಿರುವುದನ್ನೆಲ್ಲ ಸವರುವ ಆಸೆ ಅವನಿಗೆ, ಆದರೆ ಕೈಯ ಬಲ ಅವನ ಮಾತು ಕೇಳುವುದಿಲ್ಲ. ಪ್ರೀತಿಯಿಂದ ಮುಟ್ಟಿದ್ದು ಸತ್ತು ಹೋಗುತ್ತದೆ. ಇಬ್ಬರಿಗೂ ಸೇರಿ ಒಂದೇ ಕನಸು: ಸ್ವಂತದ ತುಂಡು ನೆಲ, ಪುಟ್ಟ ಮನೆ, ಸಾಕಲು ಮೊಲಗಳು. ಚಿಕ್ಕವನು ಅದನ್ನು ಬಣ್ಣಿಸುತ್ತಾನೆ, ದೊಡ್ಡವನು ಮತ್ತೆ ಮತ್ತೆ ಹೇಳಿಸಿಕೊಂಡು ಕೇಳುತ್ತಾನೆ. ಕೊನೆಗೆ ನೆಲವೂ ಸಿಗುವುದಿಲ್ಲ, ಮೊಲವೂ ಸಿಗುವುದಿಲ್ಲ.

ನಾನು ಬೋರ್ಡಿನ ಮೇಲೆ ‘ಗೆಳೆತನ, ಸಂಘರ್ಷ, ಭಗ್ನ ಕನಸು’ ಎಂದು ಬರೆದು ತಿರುಗುವಷ್ಟರಲ್ಲಿ ನನ್ನ ವಿದ್ಯಾರ್ಥಿಗಳು ಆ ಇಬ್ಬರನ್ನೂ ಉದ್ಧಾರ ಮಾಡಲು ಹೊರಟಿದ್ದರು. ಶ್ರೀನಿವಾಸಪುರದ ಕಡೆಯ ಹುಡುಗನ ಪ್ರಕಾರ ನೆಲ ಕೊಳ್ಳಬೇಕೆಂದು ಹೊರಟದ್ದೇ ತಪ್ಪು. ಹೂವು ಬಿಟ್ಟಾಗ ಒಂದು ಮಾವಿನ ತೋಟ ಗುತ್ತಿಗೆಗೆ ಹಿಡಿದು, ಅಲ್ಲೇ ಗುಡಿಸಲು ಹಾಕಿಕೊಂಡಿದ್ದರೆ ಕೊಯ್ಲಿನವರೆಗೆ ತೋಟ ಅವರದೇ ಆಗಿರುತ್ತಿತ್ತಂತೆ. ಹುತ್ತೂರಿನವನೊಬ್ಬ ಮೊಲದ ಬದಲು ರೇಷ್ಮೆ ಹುಳು ಸಾಕಬಹುದಿತ್ತು ಎಂದ. ಆ ದೊಡ್ಡ ಕೈಗೆ ಹುಳು ಕೊಡುತ್ತೀಯಾ ಎಂದು ಹಿಂದಿನ ಬೆಂಚು ಕೇಳಿತು. ಟೇಕಲ್‌ನಿಂದ ಬರುವ ಹುಡುಗಿ ಮಾತ್ರ ಪುಸ್ತಕ ಮುಚ್ಚಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಗಂಟೆ ಹೊಡೆದ ಮೇಲೆ ಹತ್ತಿರ ಬಂದು ಕೇಳಿದಳು:

“ಮೇಡಂ, ಹೇಳೋನಿಗೆ ನಂಬಿಕೆ ಇರಲ್ಲ, ಕೇಳೋನಿಗೆ ಇರುತ್ತೆ ಅಲ್ವಾ?”

ಒಳ್ಳೆಯ ಪ್ರಶ್ನೆ, ನಾಳೆ ಚರ್ಚಿಸೋಣ ಎಂದೆ. ಉತ್ತರ ಗೊತ್ತಿಲ್ಲದಾಗ ನಾನು ಹೇಳುವುದು ಇದನ್ನೇ. ಆ ನಾಳೆ ಇನ್ನೂ ಬಂದಿಲ್ಲ.

ಬಿ ಸೆಕ್ಷನ್ನು ನಮಗೂ ಪಾತ್ರ ಹಂಚಿಬಿಟ್ಟಿತ್ತು. ನನ್ನ ಗೆಳತಿ ಎತ್ತರ, ಅಗಲ ಭುಜ, ಕಾರಿಡಾರಿನ ಆ ತುದಿಯಲ್ಲಿ ನಕ್ಕರೆ ಈ ತುದಿಯಲ್ಲಿ ನನ್ನ ಪಾಠ ನಿಲ್ಲುತ್ತದೆ. ನಾನು ಅವಳ ಹೆಗಲಿಗೆ ಬರುತ್ತೇನೆ, ಅಳೆದು ಮಾತಾಡುತ್ತೇನೆ. ಇಬ್ಬರೂ ಒಟ್ಟಿಗೆ ನಡೆದು ಬಂದರೆ ಕಾದಂಬರಿಯೇ ನಡೆದು ಬಂದಂತೆ ಎಂದು ಹುಡುಗರು ಮಾತಾಡಿಕೊಂಡದ್ದನ್ನು ಅವಳೇ ಕೇಳಿಸಿಕೊಂಡು ಬಂದು ನನಗೆ ವರದಿ ಮಾಡಿದಳು. “ನೀನು ಬುದ್ಧಿ ಅಂತೆ, ನಾನು ಕೈ ಅಂತೆ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗೆಲ್ಲ ಮಾತಾಡುವುದು ಸರಿಯಲ್ಲ ಎಂದು ನಾನು ಬಾಯಲ್ಲಿ ಹೇಳಿದೆ. ಒಳಗೊಳಗೇ ಹುಡುಗರ ಗ್ರಹಿಕೆ ಪರವಾಗಿಲ್ಲ ಅನ್ನಿಸಿತ್ತು.

ನಾನು ಸುಗಟೂರಿನವಳು, ಅವಳು ಮುಳಬಾಗಿಲಿನವಳು. ಬೆಳಿಗ್ಗೆ ಇಬ್ಬರೂ ಕೋಲಾರದ ಬಸ್ ನಿಲ್ದಾಣದಲ್ಲಿ ಸೇರಿ ಮಾಲೂರಿನ ಬಸ್ಸು ಹತ್ತುತ್ತಿದ್ದೆವು. ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟ್ ಮಡಚಿ ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡ ಕೂಡಲೇ ಅವಳು ಮೊಣಕೈಯಲ್ಲಿ ತಿವಿಯುತ್ತಿದ್ದಳು. “ಹೇಳೇ, ನಮ್ ಮನೆ ಹೆಂಗಿರುತ್ತೆ?”

ಈ ಮನೆ ಎರಡು ವರ್ಷದಿಂದ ಕಟ್ಟುತ್ತಿದ್ದದ್ದು. ಶುರುವಾದದ್ದು ಒಂದು ದಿನ ಬಸ್ಸು ಕೆಟ್ಟು ನಿಂತಾಗ, ಬೇಜಾರು ಕಳೆಯಲು. ಆಮೇಲೆ ನಾನು ಅದಕ್ಕೆ ದಿನಕ್ಕೊಂದು ವಿವರ ಸೇರಿಸುತ್ತ ಹೋದೆ. ಮನೆ ಇರಬೇಕಾದದ್ದು ಕೋಲಾರದಲ್ಲಿ. ಮಾಲೂರಿನಲ್ಲಿ ಮಾಡಿದರೆ ಪಕ್ಕದ ಮನೆಯಲ್ಲೇ ವಿದ್ಯಾರ್ಥಿಗಳಿರುತ್ತಾರೆ, ನಮ್ಮ ನಮ್ಮ ಊರಿನಲ್ಲಿ ಮಾಡಿದರೆ ಅಮ್ಮಂದಿರು ದಿನಾ ಡಬ್ಬಿ ಹಿಡಿದು ಬರುತ್ತಾರೆ. ಮಹಡಿ ಮೇಲಿನ ಮನೆ. ಮೆಟ್ಟಿಲು ಹೊರಗಡೆಯಿಂದಲೇ ಇರಬೇಕು, ಓನರ್ ಟೀವಿ ನೋಡುವ ನಡುಮನೆ ದಾಟಿ ಹೋಗುವಂತಿರಬಾರದು. ಅಡುಗೆಮನೆ ಕಿಟಕಿ ಪೂರ್ವಕ್ಕೆ. ಅಂಗಳದಲ್ಲಿ ಒಂದು ನಿಂಬೆ ಗಿಡ. ನಾಯಿ ಬೇಡ. ಒಳಕೋಣೆ ನನ್ನದು, ಅದಕ್ಕೆ ಒಳಗಿನಿಂದ ಚಿಲಕ. ಮುಂಭಾಗದ ಕೋಣೆ ಅವಳದು, ಹತ್ತು ಜನ ಹೆಂಗಸರು ಜಮಖಾನದ ಮೇಲೆ ಕೂರುವಷ್ಟು ದೊಡ್ಡದು.

ಆ ಹತ್ತು ಜನ ಹೆಂಗಸರು ಅವಳ ಸೇರ್ಪಡೆ. ಅವಳ ಅಬ್ಬಾಗೆ ಮುಳಬಾಗಿಲಿನಲ್ಲಿ ಹಾಸಿಗೆ ಹೊಲಿಯುವ ಅಂಗಡಿ. ಮನೆಯ ತುಂಬ ಹತ್ತಿ, ಹತ್ತಿಯ ಮೇಲೆಲ್ಲ ಅಣ್ಣಂದಿರ ಮಕ್ಕಳು. ಅವಳ ಎಂ.ಎ. ಪುಸ್ತಕಗಳನ್ನು ಅಮ್ಮಿ ಅಕ್ಕಿ ಡ್ರಮ್ಮಿನ ಮೇಲಿಡುತ್ತಿದ್ದರು, ಅಡುಗೆಯ ಹೊತ್ತಿಗೆ ಇಳಿಸುತ್ತಿದ್ದರು. ಅತ್ತಿಗೆಗೆ ಬ್ಯಾಂಕಿನ ಚೀಟಿ ಓದುವುದು ಕಲಿಸಿದ್ದೇ ತಡ, ಬೀದಿಯ ಹೆಂಗಸರೆಲ್ಲ ನಮಗೂ ಇಂಗ್ಲಿಷ್ ಕಲಿಸು ಎಂದು ಬಂದರಂತೆ. ಕೂರಿಸಲು ಜಾಗವಿರಲಿಲ್ಲ. ತನ್ನದೇ ಒಂದು ಬಾಗಿಲು, ಅದರೊಳಗೆ ಹೆಂಗಸರ ಒಂದು ಕ್ಲಾಸು: ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ನಾನು ನಮ್ಮ ಮನೆಗೆ ಒಬ್ಬಳೇ ಮಗಳು. ಸುಗಟೂರಿನ ಮನೆಯಲ್ಲಿ ನನಗೊಂದು ಕೋಣೆಯಿತ್ತು, ಕೋಣೆಗೆ ಚಿಲಕವೂ ಇತ್ತು. ಇದು ಸಣ್ಣ ವ್ಯತ್ಯಾಸವೆಂದು ನಾನು ಅಂದುಕೊಂಡಿದ್ದೆ.

ಈ ವರ್ಷ ಮಾವಿನ ಕಾಲದಲ್ಲಿ ಅವಳು ಆ ಮನೆಯನ್ನು ಹುಡುಕಿಬಿಟ್ಟಳು.

ಕೋಲಾರದ ಹಳೆಯ ಬಡಾವಣೆಯೊಂದರಲ್ಲಿ, ನಿವೃತ್ತ ಕನ್ನಡ ಮೇಡಂ ಒಬ್ಬರ ಮನೆಯ ಮಹಡಿ. ಹೊರಗಿನಿಂದ ಮೆಟ್ಟಿಲು. ಪೂರ್ವಕ್ಕೆ ಅಡುಗೆಮನೆ ಕಿಟಕಿ. ನಿಂಬೆ ಗಿಡ. ಅವಳು ನನ್ನನ್ನು ಮನೆಯ ತುಂಬ ಸುತ್ತಿಸಿ, ನಾನು ಬಸ್ಸಿನಲ್ಲಿ ಹೇಳಿದ ಒಂದೊಂದನ್ನೂ ಬೆರಳು ಮಡಚಿ ಒಪ್ಪಿಸಿದಳು. ಇಷ್ಟು ಗಮನವಿಟ್ಟು ನನ್ನ ಪಾಠವನ್ನು ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ. ನನಗೆ ಗಾಬರಿಯಾಯಿತು. ನಾನು ತಪ್ಪು ಹುಡುಕತೊಡಗಿದೆ.

ಒಳಕೋಣೆಯ ಚಿಲಕ ಹೊರಗಡೆ ಇದೆ, ಒಳಗಿಲ್ಲ ಎಂದೆ. ಮಾರನೆಯ ದಿನ ಅವಳು ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ ತಂದು, ಓನರ್ ಮೇಡಂ ಹತ್ತಿರ ಸ್ಕ್ರೂಡ್ರೈವರ್ ಇಸಿದುಕೊಂಡು ತಾನೇ ಹಾಕಿದಳು. ನಲ್ಲಿ ತೊಟ್ಟಿಕ್ಕುತ್ತದೆ ಎಂದೆ. ವಾಷರ್ ಬದಲಾಯಿಸಿದಳು. ಎದುರು ಮನೆಯಲ್ಲಿ ನಾಯಿ ಇದೆ ಎಂದೆ. ಅದು ಮುದಿ ನಾಯಿ, ಬೊಗಳುವುದು ಬಿಟ್ಟು ಎಷ್ಟೋ ಕಾಲವಾಯಿತು ಎಂದು ವಿಚಾರಿಸಿಕೊಂಡು ಬಂದಳು. ಇನ್ನು ತಪ್ಪುಗಳು ಉಳಿಯದೆ ನಾನು ಸುಮ್ಮನಾದೆ. ನಾನು ಯಾವಾಗಲೂ ಸುಮ್ಮನಿರುವವಳಾದ್ದರಿಂದ ಎಲ್ಲರೂ ಅದನ್ನು ಒಪ್ಪಿಗೆ ಎಂದುಕೊಂಡರು.

ಎರಡು ಮನೆಯಲ್ಲೂ ಒಂದೇ ಷರತ್ತು. ಅವಳ ಅಮ್ಮಿ, ಆ ಸುಗಟೂರು ಹುಡುಗಿ ಜೊತೆಗಿದ್ದರೆ ಸರಿ, ಒಬ್ಬಳೇ ಆದರೆ ನಕ್ಕೋ, ಬೇಡ ಎಂದಿದ್ದರು. ನನ್ನ ಅಮ್ಮನೂ ಇದನ್ನೇ ತೆಲುಗಿನಲ್ಲಿ ಹೇಳಿದ್ದಳು. ಓನರ್ ಮೇಡಂ ಅವರದು ಬೇರೆ ಷರತ್ತು. ಯಾವ ಜಾತಿ, ಯಾವ ಮತ ಎಂದು ಅವರು ಕೇಳಲಿಲ್ಲ. ಯಾರೇ ಬರಲಿ, ಹಾಲು ಉಕ್ಕಿಸದೆ ತಮ್ಮ ಮನೆಯಲ್ಲಿ ಪೆಟ್ಟಿಗೆ ಇಳಿಸುವಂತಿಲ್ಲ ಎಂದಷ್ಟೇ ಹೇಳಿದರು.

ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿದೆವು. ಪ್ಯಾಕೆಟ್ ಹಾಲು ಶುಭವಲ್ಲವೆಂದು ಅಮ್ಮ ನಮ್ಮ ಹಸುವಿನ ಹಾಲನ್ನೇ ಸ್ಟೀಲ್ ಕ್ಯಾನಿನಲ್ಲಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅಮ್ಮಿ ಹೊಸ ಪಾತ್ರೆ, ಸಕ್ಕರೆ, ಏಲಕ್ಕಿ ತಂದಿದ್ದರು. ಒಲೆ ಯಾರ ಮಗಳು ಹಚ್ಚಬೇಕು ಎಂದು ಸ್ವಲ್ಪ ಹೊತ್ತು ಅಕ್ಕಾ ನಿಮ್ಮವಳು, ಅಮ್ಮಾ ನಿಮ್ಮವಳು ಎಂದು ಮರ್ಯಾದೆ ನಡೆಯಿತು. ಓನರ್ ಮೇಡಂ ಕೊನೆಗೆ, ಹಾಲು ತಂದವರ ಮಗಳೇ ಒಲೆ ಹತ್ತಿಸಲಿ ಎಂದು ತೀರ್ಪು ಕೊಟ್ಟರು. ನಾನು ಸ್ಟವ್ ಮುಂದೆ ಪೂರ್ವಕ್ಕೆ ಮುಖ ಮಾಡಿ ನಿಂತೆ.

ಇಲ್ಲಿ ಒಂದು ಮಾತು ಹೇಳಬೇಕು. ಹಸು ಸಾಕಿದ ಮನೆಯಲ್ಲಿ ಹಾಲು ಚೆಲ್ಲುವಂತಿಲ್ಲ. ಬೆಳಿಗ್ಗೆ ಡೇರಿಗೆ ಹೋಗಿ ಮಿಕ್ಕದ್ದು ಮನೆಗೆ. ಅದನ್ನು ಕಾಯಿಸುವಾಗ ಒಲೆಯ ಮುಂದೆ ನಿಲ್ಲುವುದು ಮೂರನೆಯ ಕ್ಲಾಸಿನಿಂದ ನನ್ನ ಕೆಲಸ. ನಾನು ಪಬ್ಲಿಕ್ ಪರೀಕ್ಷೆಗೆ ಓದಿದ್ದು, ಎಂ.ಎ. ಪದ್ಯಗಳನ್ನು ಬಾಯಿಪಾಠ ಮಾಡಿದ್ದು ಎಲ್ಲ ಹಾಲಿನ ಮುಂದೆ. ಕಣ್ಣು ಪುಸ್ತಕದ ಮೇಲಿದ್ದರೂ ಹಾಲು ಏಳುವ ಸದ್ದಿಗೆ ಕೈ ತಾನೇ ಹೋಗಿ ಒಲೆ ಆರಿಸುತ್ತದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಉಕ್ಕಿಸಿಲ್ಲ. ಊರಿನಲ್ಲಿ ಇದಕ್ಕೆ ನನಗೆ ಸ್ವಲ್ಪ ಹೆಸರೂ ಇದೆ.

ಹಾಲು ಬಿಸಿಯಾಯಿತು. ಅಂಚಿನಲ್ಲಿ ಸಣ್ಣ ಗುಳ್ಳೆ ಬಂತು. ನಡುವೆ ಉಬ್ಬಿತು. ಓನರ್ ಮೇಡಂ ಕೈ ಮುಗಿದರು, ಅಮ್ಮಿ ತಲೆಯ ಮೇಲೆ ಸೆರಗು ಎಳೆದುಕೊಂಡರು, ನನ್ನ ಗೆಳತಿ ಮೊಬೈಲಿನಲ್ಲಿ ವಿಡಿಯೋ ಹಿಡಿದಳು. ಹಾಲು ಪಾತ್ರೆಯ ಕಂಠದವರೆಗೂ ಏರಿತು, ಬಾಗಿ ಹೊರಗೆ ಇಣುಕಿತು. ಟಕ್ ಎಂದು ಸ್ಟವ್ ಆರಿತು. ಆರಿಸಿದ ಕೈ ನನ್ನದು. ಹಾಲು ನಿಧಾನವಾಗಿ ಒಳಗಿಳಿದು ಕೂತಿತು.

ಎಲ್ಲರೂ ಪಾತ್ರೆಯೊಳಗೆ ಬಗ್ಗಿ ನೋಡಿದರು.

“ಯಾಕಮ್ಮಾ ಆಫ್ ಮಾಡ್ದೆ?” ಎಂದರು ಓನರ್ ಮೇಡಂ.

“ಉಕ್ತಾ ಇತ್ತು” ಎಂದೆ.

“ಉಕ್ಲಿ ಅಂತಾನೇ ಅಲ್ವೇನಮ್ಮಾ ಇಟ್ಟಿದ್ದು?”

ಅಮ್ಮಿಗೆ ಮೊದಲು ನಗು ಬಂತು. ಅವರ ನಗು ನನ್ನ ಗೆಳತಿಯದರ ಮೂಲ ಪ್ರತಿ, ಕೆಳಗಿನ ಮನೆಗೂ ಕೇಳುವಂಥದ್ದು. ನನ್ನ ಅಮ್ಮ “ಏಮಿ ಚೇಸಿನಾವೇ ತಲ್ಲಿ, ಏನ್ ಮಾಡ್ಬಿಟ್ಟೆ” ಎಂದು ಹಣೆ ಚಚ್ಚಿಕೊಂಡರೂ ಮುಖದಲ್ಲಿ ಒಂದಿಷ್ಟು ಹೆಮ್ಮೆ ಇತ್ತು, ಹಾಗೆ ಬೆಳೆಸಿದ್ದು ಅವಳೇ ತಾನೆ. ಮತ್ತೆ ಹಚ್ಚಿದರಾಯಿತು ಎಂದರು ಅಮ್ಮಿ. ಒಮ್ಮೆ ಇಳಿದ ಹಾಲನ್ನು ಉಕ್ಕಿಸಿದರೆ ಲೆಕ್ಕಕ್ಕಿಲ್ಲ ಎಂದರು ಓನರ್ ಮೇಡಂ. ಕೊನೆಗೆ ಬೀದಿ ತುದಿಯ ಅಂಗಡಿಯಿಂದ ಶುಭವಲ್ಲದ ಪ್ಯಾಕೆಟ್ ಹಾಲೇ ಬಂತು. ಈ ಸಲ ನನ್ನ ಗೆಳತಿ ಒಲೆ ಹಚ್ಚಿದಳು. ನಾನು ಎರಡು ಹೆಜ್ಜೆ ಹಿಂದೆ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಹಾಲು ಧಾರಾಳವಾಗಿ ಉಕ್ಕಿ ಸ್ಟವ್ ತುಂಬಿ ಕಟ್ಟೆಯಿಂದ ಇಳಿಯಿತು. ಅದು ಇಳಿಯುವುದನ್ನು ನೋಡುತ್ತ ನನ್ನ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ತನ್ನ ಮಾತು ಕೇಳದ ಕೈ ಯಾರದೆಂದು ನಮ್ಮ ಬಿ ಸೆಕ್ಷನ್ನಿಗೆ ತಪ್ಪು ಮಾಹಿತಿಯಿತ್ತು.

ಎಲ್ಲರೂ ನಕ್ಕರೂ ಅವಳು ನಕ್ಕಿರಲಿಲ್ಲ. ಅಮ್ಮಂದಿರು ಹಾಲು ಕುಡಿಯುತ್ತ ತಮ್ಮ ತಮ್ಮ ಸಕ್ಕರೆ ಕಾಯಿಲೆಯ ಮಾತು ತೆಗೆದ ಮೇಲೆ ನನ್ನನ್ನು ಹೊರಗಿನ ಮೆಟ್ಟಿಲಿಗೆ ಕರೆದಳು. ಅವಳು ಒಂದು ಮೆಟ್ಟಿಲು ಕೆಳಗೆ ನಿಂತದ್ದರಿಂದ ನಮ್ಮಿಬ್ಬರ ಕಣ್ಣು ಹತ್ತಿರ ಹತ್ತಿರ ಸಮಕ್ಕೆ ಬಂದಿದ್ದವು.

“ಬಾಯಲ್ಲಿ ಹೇಳಕ್ಕಾಗ್ದೆ ಕೈಯಲ್ಲಿ ಹೇಳ್ದೆ ಅಲ್ವಾ?”

ಅಭ್ಯಾಸಬಲ, ಬೇರೇನಿಲ್ಲ ಎಂದೆ.

“ಚಿಲಕ, ನಲ್ಲಿ, ನಾಯಿ. ಅದೂ ಅಭ್ಯಾಸಾನಾ?” ಅವಳು ದನಿ ಏರಿಸಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. “ಎರಡ್ ವರ್ಷ ಬಸ್ಸಲ್ಲಿ ಕೂತ್ಕೊಂಡು ಹೇಳಿದ್ಯಲ್ಲೇ. ಸುಳ್ಳಾ ಅದು?”

“ಸುಳ್ಳಲ್ಲ. ಹೇಳ್ತಿರೋವಾಗ ನಿಜಾನೇ.”

“ಇಳಿದ್ಮೇಲೆ?”

ನನಗೆ ನಮ್ಮ ಮನೆಯ ನನ್ನ ಕೋಣೆ ಸಾಕು, ಸಂಜೆ ಹತ್ತು ಜನ ಹೆಂಗಸರು ಬಂದು ಕೂರುವ ಮನೆಯಲ್ಲಿ ನಾನು ಬದುಕಲಾರೆ, ನನಗೆ ಇಷ್ಟವಿದ್ದದ್ದು ಆ ಒಂದು ಗಂಟೆಯ ಬಸ್ಸು ಮತ್ತು ನೀನು ಕೇಳುತ್ತಿದ್ದ ರೀತಿ. ಇಷ್ಟನ್ನೂ ಹೇಳಬೇಕಿತ್ತು. “ನಂಗೆ ಬರೋಕಾಗಲ್ಲ ಕಣೇ” ಎಂದಷ್ಟೇ ಹೇಳಿದೆ.

ಅವಳು ಒಳಗೆ ಹೋಗಿ ಪಾತ್ರೆ ತೊಳೆದಳು.

ಆಮೇಲಿನ ವಾರ ಅವಳು ಅದೇ ಬಸ್ಸಿನಲ್ಲಿ ಬಂದಳು, ಬೇರೆ ಸೀಟಿನಲ್ಲಿ ಕೂತಳು. ಒಂದು ದಿನ ಹೂವಿನ ಬುಟ್ಟಿಯ ಹೆಂಗಸಿನ ಪಕ್ಕ, ಒಂದು ದಿನ ಗೊರಕೆ ಹೊಡೆಯುವ ಅಜ್ಜಿಯ ಪಕ್ಕ. ನನ್ನ ಪಕ್ಕದ ಸೀಟು ಖಾಲಿ ಇದ್ದಾಗಲೂ ಅವಳು ನಿಂತು ಬಂದದ್ದುಂಟು. ಎ ಸೆಕ್ಷನ್ನಿನವರು ಬಂದು ನನ್ನ ಹತ್ತಿರ ದೂರಿದರು: ಕೊನೆಯ ಅಧ್ಯಾಯಕ್ಕೆ ಬಂದಾಗ ಮೇಡಂ ಪುಸ್ತಕ ಮುಚ್ಚಿ, ಇದನ್ನ ನೀವೇ ಓದ್ಕೊಳ್ಳಿ ಎಂದು ಹೊರಟು ಹೋದರಂತೆ. ನಾನು ಎರಡು ಸೆಕ್ಷನ್ನನ್ನೂ ಒಟ್ಟಿಗೆ ಕೂರಿಸಿ ಆ ಅಧ್ಯಾಯ ಮುಗಿಸಿದೆ. ಅಲ್ಲಿ ಚಿಕ್ಕವನು ಕೊನೆಯ ಸಲ ಕನಸನ್ನು ಬಣ್ಣಿಸುತ್ತಾನೆ, ದೊಡ್ಡವನು ಕೇಳುತ್ತಿರುವಾಗಲೇ ಹಿಂದಿನಿಂದ ಅವನಿಗೆ ಗುಂಡು ಹೊಡೆಯುತ್ತಾನೆ. ಪ್ರತಿ ವರ್ಷ ಆ ಭಾಗವನ್ನು ಚೆನ್ನಾಗಿ ಓದುತ್ತೇನೆಂದು ನನಗೆ ಜಂಬವಿತ್ತು. ಈ ವರ್ಷ ನಡುವೆ ನಿಲ್ಲಿಸಿ ನೀರು ಕುಡಿಯಬೇಕಾಯಿತು. ಹುಡುಗರು ಅದನ್ನು ನನ್ನ ಅಭಿನಯವೆಂದುಕೊಂಡರು.

ನಾನು ಯಾರ ಮನೆಗೂ ಹೇಳದೆ ಕೇಳದೆ ಹೋಗುವವಳಲ್ಲ. ಆದರೂ ನನಗೆ ಕ್ಲಾಸಿಲ್ಲದ ಒಂದು ಬುಧವಾರ ಮುಳಬಾಗಿಲಿಗೆ ಹೋದೆ. ಅಂಗಡಿಯ ಹಿಂದಿನ ಮನೆಯಲ್ಲಿ ಅಮ್ಮಿ ಹಾಸಿಗೆಯ ಅಂಚಿಗೆ ದಬ್ಬಳದಲ್ಲಿ ಹೊಲಿಗೆ ಹಾಕುತ್ತಿದ್ದರು. “ಬೈಠೋ ಬೇಟಿ, ಕೂತ್ಕೋ” ಎಂದು ಅದೇ ಹಾಸಿಗೆಯ ಇನ್ನೊಂದು ತುದಿ ತೋರಿಸಿದರು. ಚಹ ಕೊಟ್ಟರು, ಬಿಸ್ಕತ್ತು ಕೊಟ್ಟರು, ತೆಳ್ಳಗಾಗಿದ್ದೀಯ ಎಂದರು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯಗಳನ್ನು ನಾನು ಒಂದಾದ ಮೇಲೊಂದು ಒಪ್ಪಿಸಿದೆ. ನಾನು ಆ ಮನೆಗೆ ಬರುವುದಿಲ್ಲ, ಅದು ನನ್ನ ತಪ್ಪು, ಅವಳದಲ್ಲ, ನಾನಿಲ್ಲದಿದ್ದರೂ ಅವಳನ್ನು ಅಲ್ಲಿರಲು ಬಿಡಿ, ಕೆಳಗೆ ಓನರ್ ಮೇಡಂ ಇದ್ದಾರೆ, ಒಳ್ಳೆಯವರು.

ಅಮ್ಮಿ ದಾರ ಕಚ್ಚಿ ತುಂಡು ಮಾಡಿದರು.

“ನಿಮ್ಮಮ್ಮ ಆವತ್ತೇ ಹೇಳಿದ್ರು. ಈ ಹುಡ್ಗಿ ನಮ್ ಮನೆ ಬಿಟ್ಟು ಎಲ್ಲೂ ಇರಲ್ಲ, ಸುಮ್ನೆ ತಲೆ ಆಡಿಸ್ತಾಳೆ ಅಂತ. ನಿಮ್ಮಿಬ್ರಿಗೇ ಗೊತ್ತಿರ್ಲಿಲ್ಲ.”

ಹಾಗಾದರೆ ಅವಳೊಬ್ಬಳನ್ನೇ ಬಿಡುತ್ತೀರಾ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಒಬ್ಬಳೇ ಇರುವುದು ಆಗದ ಮಾತು, ಅವಳ ಅಬ್ಬಾನೂ ಒಪ್ಪುವುದಿಲ್ಲ, ತನಗೂ ನಿದ್ದೆ ಬರುವುದಿಲ್ಲ. ನಾನು ಎದ್ದು ನಿಂತೆ. ಅವರು ನನ್ನನ್ನು ಮತ್ತೆ ಕೂರಿಸಿ, ಸೂಜಿಗೆ ದಾರ ಪೋಣಿಸಿಕೊಡು ಎಂದರು, ಕಣ್ಣು ಕಾಣುವುದಿಲ್ಲವಂತೆ. ಪೋಣಿಸುವಷ್ಟು ಹೊತ್ತು ಯೋಚಿಸಿ ಹೇಳಿದರು: “ಕ್ಲಾಸ್ ಮಾಡ್ಲಿ. ಐದರಿಂದ ಏಳು. ಮಲಗೋದಕ್ಕೆ ಇಲ್ಲಿಗ್ ಬರ್ಬೇಕು. ಬಸ್ ಹತ್ಸೋದು ನಿನ್ ಕೆಲ್ಸ.”

ಇಡೀ ಮನೆ ಕೇಳಲು ಹೋದವಳು ಎರಡು ಗಂಟೆ ಇಸಿದುಕೊಂಡು ಬಂದೆ.

ಮರುದಿನ ಅವಳು ಬಸ್ಸಿನಲ್ಲಿ ನನ್ನ ಪಕ್ಕ ಬಂದು ಧೊಪ್ಪೆಂದು ಕೂತಳು. ಖುಷಿಯಿಂದಲ್ಲ. “ನನ್ ಮನೆಗೆ ನನ್ನ ಕೇಳ್ದೆ ಹೋದ್ಯಾ?” ಎಂದಳು. ಹೋದೆ ಎಂದೆ. ಮಾತು ಬಾರದ ಮೂಗಿಯಂತಿರುವವಳು ನಮ್ಮ ಅಮ್ಮಿಯ ಹತ್ತಿರ ಗಂಟೆಗಟ್ಟಲೆ ಮಾತಾಡಿದೆಯಂತೆ, ನನ್ನ ಹತ್ತಿರ ಮೆಟ್ಟಿಲ ಮೇಲೆ ಒಂದು ಸಾಲು ಹೇಳಿದೆ ಎಂದು ಬೈದಳು. ಬೈಗುಳ ಮಾಲೂರಿನವರೆಗೂ ಸಾಕಾಯಿತು. ಇಳಿಯುವಾಗ ಅವಳು ಕೇಳಿದ್ದು ಒಂದೇ: ಒಳಕೋಣೆಯಲ್ಲಿ ಕುರ್ಚಿ ಇಡಬಹುದಲ್ಲ, ಈಗ ಅದು ಯಾರದೂ ಅಲ್ಲವಲ್ಲ. ಇಡು ಎಂದೆ. ನನ್ನ ಕೋಣೆ ಅಲ್ಲಿಗೆ ಮುಗಿಯಿತು. ನನಗೆ ಅನಿಸಿದ್ದಕ್ಕಿಂತ ಜಾಸ್ತಿಯೇ ಬೇಸರವಾಯಿತು.

ಮನೆಯ ಮಾತು ನಾವು ಬಸ್ಸಿನಲ್ಲಿ ಮತ್ತೆ ಆಡಿಲ್ಲ. ಈಗ ಯಾರು ಕ್ಲಾಸಿಗೆ ಬರುತ್ತಾರೆ, ಯಾರ ಅತ್ತೆ ಬಿಡುವುದಿಲ್ಲ, ಇಂಥ ವಿಷಯಗಳೇ. ಅವಳು ಮೊದಲಿನ ಹಾಗೆ ಮೊಣಕೈಯಲ್ಲಿ ತಿವಿಯುವುದಿಲ್ಲ. ಒಂದೊಂದು ಸಲ ಕಿಟಕಿಯ ಕಡೆ ತಿರುಗಿ ಹೊರಗೆ ನೋಡುತ್ತ ಕೂರುತ್ತಾಳೆ. ನಾನು ಕಾಯುತ್ತೇನೆ.

ಮೊದಲ ಸಂಜೆ ಏಳು ಜನ ಬಂದರು. ಒಬ್ಬರು ಟೈಲರ್, ಇಬ್ಬರು ಅಂಗನವಾಡಿಯವರು, ಒಬ್ಬರು ಹೂವು ಕಟ್ಟುವವರು, ಮಗನ ಸ್ಕೂಲಿನ ಮೀಟಿಂಗಿಗೆ ಹೆದರುವ ಇಬ್ಬರು ತಾಯಂದಿರು, ಏಳನೆಯವರು ಸ್ವತಃ ಓನರ್ ಮೇಡಂ. ಜೀವಮಾನವಿಡೀ ಕನ್ನಡ ಕಲಿಸಿದ ನನಗೆ ಇಂಗ್ಲಿಷಿನವರು ಏನು ಕಲಿಸುತ್ತಾರೋ ನೋಡೋಣ ಎಂದು ಮೊದಲ ಸಾಲಿನಲ್ಲಿ ಕೂತರು. ನಾನು ಹಿಂದೆ, ಗೋಡೆಗೆ ಒರಗಿ ಕೂತೆ.

ಅವಳು ಎರಡು ವಾಕ್ಯ ಕಲಿಸಿದಳು. ನೀವೆಲ್ಲಿರುತ್ತೀರಿ ಎಂದು ಇಂಗ್ಲಿಷಿನಲ್ಲಿ ಪಕ್ಕದವರನ್ನು ಕೇಳಬೇಕು, ಅವರು ಇಂಗ್ಲಿಷಿನಲ್ಲೇ ಹೇಳಿ ಮುಂದಿನವರನ್ನು ಕೇಳಬೇಕು. ಪ್ರಶ್ನೆ ಜಮಖಾನದ ಸುತ್ತ ಹೊರಟಿತು. ಟೈಲರ್ ನಾಚಿಕೊಂಡು ತಮ್ಮ ಬೀದಿಯ ಹೆಸರು ಹೇಳಿದರು. ಹೂವಿನವರು ಮನೆಗೆ ಬರುವ ದಾರಿ, ತಿರುವು ಸಮೇತ ಹೇಳಿದರು. ಓನರ್ ಮೇಡಂ ಬೆರಳಿನಿಂದ ನೆಲ ತೋರಿಸಿ “ಡೌನ್” ಎಂದರು. ನನ್ನ ಸರದಿ ಬಂದಾಗ ಸುಗಟೂರು ಎಂದೆ. ಮುಂದಿನವರನ್ನು ಕೇಳಬೇಕಿತ್ತು. ಮುಂದಿದ್ದವಳು ಅವಳೇ, ಬೋರ್ಡಿನ ಪಕ್ಕ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಕೇಳಿದೆ.

“ಐ ಲಿವ್ ಹಿಯರ್” ಎಂದಳು.

ಏಳೂ ಜನ ಒಟ್ಟಿಗೆ ಅದನ್ನು ಪುನರುಚ್ಚರಿಸಿದರು, ಪಾಠವೆಂದುಕೊಂಡು. ಎಲ್ಲರ ವಾಕ್ಯ ತಿದ್ದುವ ನಾನು ತಿದ್ದಲಿಲ್ಲ. ಏಳು ಹೊಡೆಯಲು ಐದು ನಿಮಿಷವಿತ್ತು. ಅವಳು ಬೋರ್ಡ್ ಒರೆಸಿದಳು, ನಾನು ಜಮಖಾನ ಸುತ್ತಿ ಒಳಕೋಣೆಯಲ್ಲಿಟ್ಟೆ, ಅವಳು ಬೀಗ ಹಾಕಿ ಎರಡು ಸಲ ಎಳೆದು ನೋಡಿದಳು. ಮುಳಬಾಗಿಲಿನ ಬಸ್ಸು ಹೊರಡುವ ಹೊತ್ತಾಗಿತ್ತು. ಇಬ್ಬರೂ ಓಡಿದೆವು. ಉದ್ದ ಕಾಲಿನವಳು ಮುಂದೆ, ನಾನು ಅವಳ ಬ್ಯಾಗನ್ನೂ ಹೊತ್ತುಕೊಂಡು ಹಿಂದೆ.